ಮಳೆಗಾಲದಲ್ಲಿ ತೋಡಿಸಿದ ಗುಂಡಿಗಳು

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದೆ. ಪಾಠ ಮರಾಠಿಯಲ್ಲಿ, ಮಕ್ಕಳ ಜಗಳ ಕನ್ನಡದಲ್ಲಿ. ಅಲ್ಲಿನ ರೂಢಿಯಂತೆ ಶಿಕ್ಷಕಿಯಾದ ನನ್ನನ್ನು ಎಲ್ಲರೂ 'ಬಾಯಿ' ಎನ್ನುತ್ತಿದ್ದರು. ನಾನು ಕೊಲ್ಹಾಪುರದ ಪೇಟೆಯಲ್ಲಿ ಬೆಳೆದವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪರಿಸರ ಕಾರ್ಯಕ್ರಮದ ಹೊಣೆ ತಲೆಗೆ ಬಿದ್ದಾಗ ಒಂದು ಕಾಯ್ದೆ ಮಾಡಿದೆ: ಗುಂಡಿ ತೋಡಿದವರಿಗಷ್ಟೇ ಸಸಿ. ಸಸಿಯ ಪಕ್ಕ ಅವರ ಹೆಸರಿನ ತಗಡಿನ ಪಟ್ಟಿ.

ಸಸಿಗಳು ಎಸ್.ಟಿ. ಬಸ್ಸಿನ ಮೇಲೇರಿ ಬಂದಾಗ ಮಳೆ ಜಡಿಯುತ್ತಿತ್ತು. ಆರನೆಯ ಇಯತ್ತೆಯ, ಅಂದರೆ ನನ್ನ ತರಗತಿಯ, ಎಲ್ಲ ಮಕ್ಕಳೂ ಗುದ್ದಲಿ ಹಿಡಿದರು. ಜೈನ ರೈತರ ಮನೆಯ ಒಬ್ಬ ಹುಡುಗಿ ಮಾತ್ರ ಕಟ್ಟೆಯ ಮೇಲೆ ನಿಂತಿದ್ದಳು.

"ಬಾಯಿ, ಆಯಿ ಜೋಡಿ ಚಾತುರ್ಮಾಸದ ವ್ರತ ಹಿಡದೇನ್ರಿ. ನಾಲ್ಕ ತಿಂಗಳ ಮಣ್ಣ ಅಗಿಯಂಗಿಲ್ಲ. ಹುಳಾ ಸಾಯ್ತಾವ್ರಿ."

ಆಯಿ ಅಂದರೆ ಅವಳ ಅಜ್ಜಿ; ಅಜ್ಜಿಯ ಹೆಸರು ಹೇಳಿ ಕೆಲಸ ತಪ್ಪಿಸುತ್ತಿದ್ದಾಳೆ ಅಂದುಕೊಂಡೆ. "ಹಂಗಾರ ನಿನಗ ಗಿಡಾನೂ ಇಲ್ಲ," ಅಂದುಬಿಟ್ಟೆ. ಅವಳು ದಿನಾ ಮಧ್ಯಾಹ್ನದ ಸುಟ್ಟಿಯಲ್ಲಿ ಬೇರೆಯವರ ಸಸಿಗಳ ಮುಂದೆ ಹೋಗಿ ಒಂದೊಂದೇ ಹೆಸರು ಓದುತ್ತಿದ್ದಳು. ಅದನ್ನು ನೋಡುತ್ತಿದ್ದರೂ ನಾನು ಕಾಯ್ದೆ ಬಿಡಲಿಲ್ಲ.

ಹದಿನೈದು ದಿನಕ್ಕೆ ಅವಳ ಅಜ್ಜಿ ಶಾಲೆಗೆ ಬಂದರು. ಧರ್ಮದ ಮಾತು ತೆಗೆಯುತ್ತಾರೆಂದು ನಾನು ಸೆರಗು ಬಿಗಿದು ನಿಂತೆ. ಅವರು ನನ್ನ ಕಡೆ ನೋಡದೆ ಸೀದಾ ಗುಂಡಿಗಳ ಹತ್ತಿರ ಹೋದರು. ಗುಂಡಿಗಳಲ್ಲಿ ನೀರು ನಿಂತು ಅರ್ಧಕ್ಕರ್ಧ ಸಸಿಗಳು ಹಳದಿಯಾಗಿದ್ದವು.

"ಬಾಯಾರ, ಮಳ್ಯಾಗ ಯಾರರ ತೆಗ್ಗ ತಗೀತಾರೇನ್ರಿ? ಬ್ಯಾಸಗ್ಯಾಗ ತಗದು ಬಿಸಲಿಗೆ ಬಿಡಬೇಕು. ಜೂನದಾಗ ಮಿರಗದ ಮೊದಲ ಮಳಿ ಬಿದ್ದಕೂಡ್ಲೆ ಗಿಡಾ ಹಚ್ಚಬೇಕು. ನಾ ಹುಟ್ಟಾ ಒಕ್ಕಲಗಿತ್ತಿ. ವ್ರತದಾಗ ಗುದ್ದಲಿ ಮುಟ್ಟಂಗಿಲ್ಲ ಖರೆ, ಆದ್ರ ವ್ರತ ಹಿಡಿಯೂದರಾಗ ನನ್ನ ಕೆಲಸಾ ಮುಗದಿರತೈತಿ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನ ಹತ್ತಿರ ಒಕ್ಕಾಲಷ್ಟೇ ಇತ್ತು. ನಾಚಿಕೆಯಾಯಿತು. "ಹೌದ್ರಿ, ತಪ್ಪಾತು," ಅಂದೆ. ಅಜ್ಜಿ ನಕ್ಕು, ನೀರು ಹರಿದುಹೋಗಲು ದಾರಿ ಎಲ್ಲಿ ಮಾಡಿಸಬೇಕೆಂದು ಬೆರಳು ಮಾಡಿ ತೋರಿಸಿದರು. ಹುಡುಗರು ಮಾಡಿದರು, ಒಂದಿಷ್ಟು ಸಸಿಗಳು ಉಳಿದವು.

ಮರುವರ್ಷ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ದಿನವೇ ಗುಂಡಿಯ ಕೆಲಸ ಹಿಡಿದೆವು. ಮೊದಲ ಗುದ್ದಲಿಯನ್ನು ಆ ಹುಡುಗಿಯ ಕೈಗೇ ಕೊಟ್ಟೆ. ಮುರುಮಿನ ಗರಸು ನೆಲ ಬಿಸಿಲಿಗೆ ಕಲ್ಲಾಗಿತ್ತು, ಆದರೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಮೊಣಕಾಲುದ್ದ ತೋಡಿದಳು. ಮುಗಿಸಿ, ಬೆವರು ಒರೆಸಿಕೊಂಡು ನನ್ನನ್ನೇ ನೋಡುತ್ತ ನಿಂತಳು.

"ಬಾಯಿ, ಹ್ವಾದ ವರ್ಷದ್ದೂ ಒಂದ ತೋಡ್ಲೇನ್ರಿ?"

ಪಕ್ಕದಲ್ಲೇ ಇನ್ನೊಂದು ಗುಂಡಿಗೆ ಜಾಗ ಗುರುತು ಮಾಡಿಕೊಟ್ಟೆ. ಅವಳು ಅಗೆಯುತ್ತ ಹೋದಂತೆ ಪಕ್ಕ ಕೂತು ಮಣ್ಣು ಬಾಚಿ ಹೊರಗೆ ಹಾಕತೊಡಗಿದೆ.