ಲಾ ಪಾಜ್‌ಗೆ ಬಾರದ ಕುಕ್ಕರ್

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಯಜಮಾನರಿಗೆ ಬೊಲಿವಿಯಾದ ಲಾ ಪಾಜ್‌ನಲ್ಲಿ ಎರಡು ವರ್ಷದ ಕೆಲಸ ಬಂತು. ಹೆಂಡತಿಯನ್ನೂ ಕರೆದೊಯ್ಯಬಹುದು ಎಂದು ಕಂಪನಿ ಹೇಳಿತ್ತು. ಸುದ್ದಿ ಕೇಳಿ ಒಲೆಯ ಮುಂದೆ ನಿಂತಿದ್ದ ನನಗೆ ನಗು ಬಂತು. ಸಿಂಗಪುರದ ಆಂಗ್ ಮೋ ಕಿಯೋದ ಆ ಅಡುಗೆಮನೆಯಿಂದ ಹೊರಗೆ ಹೋಗಲು ದಾರಿಯಿದೆ ಎಂದು ನನಗೆ ಅನ್ನಿಸಿದ್ದೇ ಆವತ್ತು.

ನಮ್ಮ ಕೆಳಗಿನ ಮಹಡಿಯಲ್ಲೇ ಯಜಮಾನರ ಅಕ್ಕನ ಸಂಸಾರ. ಅತ್ತಿಗೆಗೆ ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ಕೆಲಸ. ನಾನು ಮದುವೆಯಾಗಿ ಬಂದ ಹೊಸತರಲ್ಲೇ ಅವರು ತಮ್ಮ ದೊಡ್ಡ ಕುಕ್ಕರನ್ನು ತಂದು ನಮ್ಮ ಒಲೆಯ ಮೇಲಿಟ್ಟು, "ಇಬ್ಬರಿಗೆ ಮಾಡೋದೂ ಒಂದೇ, ಆರು ಜನಕ್ಕೆ ಮಾಡೋದೂ ಒಂದೇ" ಎಂದಿದ್ದರು. ಅಂದಿನಿಂದ ಅವರ ಮನೆಯ ಅಡುಗೆಯೂ ನನ್ನದೇ ಆಯಿತು.

ಲಿಫ್ಟ್ ನಮ್ಮ ಮಹಡಿಯಲ್ಲಿ ನಿಲ್ಲುತ್ತಿತ್ತು, ಅವರ ಮಹಡಿಯಲ್ಲಿ ಇಲ್ಲ. ಹಾಗಾಗಿ ಸಂಜೆ ಅವರು ನಮ್ಮ ಬಾಗಿಲು ದಾಟಿಯೇ ಮನೆಗೆ ಇಳಿಯಬೇಕು. ತಮ್ಮ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು, ಚಪ್ಪಲಿ ಬಿಡದೆ ಒಳಗೆ ಬಂದು, ಕೆಂಪು ಬಣ್ಣದ ಉಗುರಿನ ತುದಿಯಲ್ಲಿ ಮುಚ್ಚಳ ಎತ್ತಿ ನೋಡುತ್ತಿದ್ದರು. "ಇವತ್ತೂ ಬೀನ್ಸಾ?" ಅಷ್ಟೇ ಮಾತು. ಕ್ಯಾರಿಯರ್ ಎತ್ತಿಕೊಂಡು ಇಳಿದುಬಿಡುವರು. ನಾನು ತಿರುಗಿ ಮಾತಾಡಿದವಳಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಅದನ್ನು ಚೆನ್ನಾಗಿಯೇ ಕಲಿಸಿದ್ದರು. ಅತ್ತಿಗೆಗೆ ಅದೂ ತಮಾಷೆ. "ಕಾನ್ವೆಂಟ್ ಮಹಾರಾಣಿಗೆ ಬಾಯಿ ಇಲ್ಲ" ಎನ್ನುವರು.

ಬೊಲಿವಿಯಾದ ಸುದ್ದಿ ತಿಳಿದ ಭಾನುವಾರ ಅವರು ಬಂದು ಸೋಫಾದ ನಡುವೆ ಕೂತರು.

"ಸಮುದ್ರಾನೇ ಇಲ್ಲದ ದೇಶ ಅಂತೆ! ಉಡುಪಿಯವನು ಅಲ್ಲಿ ಹೋಗಿ ಏನ್ ಮಾಡ್ತೀಯೋ?"

"ನಾನು ಮೀನು ಹಿಡಿಯೋಕೆ ಹೋಗ್ತಿಲ್ಲ ಅಕ್ಕ" ಎಂದರು ಇವರು.

"ಸರಿ, ನೀನು ಹೋಗು. ಇವಳ್ಯಾಕೆ? ನಮ್ಮ ಆಫೀಸಿನವನೊಬ್ಬ ಹೋಗಿ ಬಂದಿದ್ದಾನೆ. ಅಷ್ಟು ಎತ್ತರದಲ್ಲಿ ಬೇಳೆನೇ ಬೇಯಲ್ವಂತೆ. ಇವಳಿಗೆ ಬರೋದು ಅದೊಂದೇ ಕೆಲಸ. ಅದೂ ಆಗಲ್ಲ ಅಂದ್ಮೇಲೆ ಟಿಕೆಟ್ ದಂಡ ಅಲ್ವಾ?"

ಆಮೇಲೆ ತುಳುವಿಗೆ ತಿರುಗಿದರು. ನಾನು ಮೈಸೂರಿನವಳು. ನನಗೆ ತಿಳಿಯಬಾರದ್ದೆಲ್ಲ ಆ ಮನೆಯಲ್ಲಿ ತುಳುವಿನಲ್ಲೇ ನಡೆಯುತ್ತಿತ್ತು. ಆದರೆ ವರ್ಷಗಟ್ಟಲೆ ಪಾತ್ರೆ ತೊಳೆಯುತ್ತಾ ಕೇಳಿದ ಭಾಷೆ ತಿಳಿಯದೆ ಎಲ್ಲಿಗೆ ಹೋದೀತು? ಇವಳನ್ನು ಇಲ್ಲೇ ಬಿಟ್ಟು ಹೋಗು, ನಮ್ಮ ಮಕ್ಕಳ ಊಟಕ್ಕೂ ಆಯಿತು, ಎನ್ನುತ್ತಿದ್ದರು. ಇವರು ಸೋಫಾದ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ದಾರವನ್ನು ಎಳೆಯುತ್ತಾ ಕೂತರು.

"ನನ್ನನ್ನ ಇಲ್ಲಿ ಬಿಟ್ಟು ಹೋಗೋ ಮಾತು ಬೇಡ ಅತ್ತಿಗೆ" ಎಂದೆ. "ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಅದಕ್ಕೇ ಬೇಯಲ್ಲ. ಕುಕ್ಕರಲ್ಲಿಟ್ರೆ ಬೇಯುತ್ತೆ. ಹೈಸ್ಕೂಲಲ್ಲಿ ಓದಿದ್ದೀನಿ. ನಾನೂ ಹೋಗ್ತೀನಿ."

ಅಕ್ಕ ತಮ್ಮ ಇಬ್ಬರೂ ನನ್ನ ಮುಖ ನೋಡಿದರು. ಇವರ ಕಿವಿ ಕೆಂಪಾಗಿತ್ತು. ಕೊನೆಗೆ ದಾರ ಬಿಟ್ಟು, "ಹೂಂ ಅಕ್ಕ, ಇಬ್ಬರೂ ಹೋಗ್ತೀವಿ" ಎಂದರು. ಅತ್ತಿಗೆ ಕ್ಯಾರಿಯರನ್ನೂ ತೆಗೆದುಕೊಳ್ಳದೆ ಎದ್ದು ಹೋದರು. ಮಾರನೆಯ ದಿನ ಮಾತ್ರ ಮರೆಯದೆ ತೆಗೆದುಕೊಂಡು ಹೋದರು.

ಹೊರಡುವ ಹಿಂದಿನ ದಿನ ಮಗಳನ್ನು ಕರೆದುಕೊಂಡು ಮತ್ತೆ ಬಂದರು. ನಾನು ಕುಕ್ಕರಿಗೆ ಹಳೆಯ ಟವೆಲ್ ಸುತ್ತಿ ಸೂಟ್‌ಕೇಸಿನ ಮೂಲೆಯಲ್ಲಿ ಕೂರಿಸಿದ್ದೆ. ಅವರ ಕಣ್ಣು ನೇರ ಅಲ್ಲಿಗೇ ಹೋಯಿತು.

"ಅದು ನಂದು. ನಮ್ಮಮ್ಮ ನಂಗೆ ಕೊಟ್ಟಿದ್ದು. ತೆಗಿ."

ತೆಗೆದೆ. ಟವೆಲ್ ಬಿಚ್ಚಿ ಕೊಟ್ಟೆ. ಅವರು ಮುಚ್ಚಳ ತಿರುಗಿಸಿ, ಗ್ಯಾಸ್ಕೆಟ್ ಇದೆಯೇ, ಮೇಲಿನ ವೆಯ್ಟ್ ಇದೆಯೇ ಎಂದು ಒಂದೊಂದನ್ನೂ ಮುಟ್ಟಿ ನೋಡಿದರು.

"ಈಗ ಬೇಯಿಸು ನಿನ್ನ ಹೈಸ್ಕೂಲ್ ಬೇಳೆ" ಎಂದರು.

ಬಾಗಿಲ ಬಳಿ ನಿಂತಿದ್ದ ಮಗಳು ಅಮ್ಮನ ಕೈ ಎಳೆದು, ಅಲ್ಲಿನ ಮಕ್ಕಳಂತೆ ಕೊನೆಗೊಂದು 'ಲಾ' ಸೇರಿಸಿ ಕೇಳಿದಳು. "ಮಮ್ಮಿ, ಮಾಮಿ ಹೋದ್ರೆ ನಮ್ಗೆ ಊಟ ಯಾರು ಮಾಡ್ತಾರೆ ಲಾ?"

ಅತ್ತಿಗೆ ನನ್ನ ಕಡೆ ನೋಡಿದರು. ಉತ್ತರ ನಾನೇ ಕೊಡಬೇಕೆನ್ನುವ ಹಾಗೆ.

"ಕುಕ್ಕರ್ ಈಗ ನಿಮ್ಮ ಹತ್ತಿರಾನೇ ಇದೆಯಲ್ಲ ಅತ್ತಿಗೆ" ಎಂದೆ. "ನಮ್ಮ ಮನೆ ಕೀಲಿನೂ ಕೊಟ್ಟುಬಿಡಿ."

ಕೀಲಿಯನ್ನು ಶೂ ರ‍್ಯಾಕಿನ ಮೇಲೆ ಎಸೆದು ಹೋದರು. ಕುಕ್ಕರ್ ಹೊತ್ತು ಮೆಟ್ಟಿಲಿಳಿಯುವಾಗ ಮುಚ್ಚಳದ ಮೇಲೆ ವೆಯ್ಟ್ ಕುಣಿಯುವ ಸದ್ದು, ಅವರು ತಮ್ಮ ಮಹಡಿ ತಲುಪುವವರೆಗೂ ಕೇಳಿಸುತ್ತಿತ್ತು. ಆ ಸಂಜೆಯೇ ಬಸ್ ಹತ್ತಿ, ನಮ್ಮವರ ಅಂಗಡಿಗಳಿರುವ ಸೆರಂಗೂನ್ ರೋಡಿಗೆ ಹೋಗಿ, ಇಬ್ಬರಿಗೆ ಸಾಕಾಗುವಷ್ಟೇ ಪುಟ್ಟ ಕುಕ್ಕರೊಂದನ್ನು ಕೊಂಡೆ. ವಿಮಾನ ಬದಲಿಸಿದಲ್ಲೆಲ್ಲ ಅದನ್ನು ಕೈಚೀಲದಲ್ಲೇ ಹೊತ್ತೆ.

ಲಾ ಪಾಜ್ ಕೂಡ ನಮ್ಮನ್ನು ಕೈ ಹಿಡಿದು ಕರೆದುಕೊಳ್ಳಲಿಲ್ಲ. ಇಳಿದ ಕೂಡಲೇ ತಲೆ ಸಿಡಿಯತೊಡಗಿತು, ತುಟಿ ಒಡೆಯಿತು. ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಾನು ನಡುನಡುವೆ ಕೂತುಬಿಡುತ್ತಿದ್ದೆ. ಮನೆಯೊಡತಿ ಮೇಲಿನಿಂದ ಸುಮ್ಮನೆ ನೋಡುತ್ತಿದ್ದಳು. ಎರಡು ಕಂಬಳಿ ಹೊದ್ದು ನರಳುತ್ತಿದ್ದ ಇವರು ರಾತ್ರಿ ಊಟಕ್ಕೆ ಅನ್ನ ಸಾರು ಬೇಕೆಂದರು. ತೊಗರಿಬೇಳೆ ಇಟ್ಟು ಒಲೆಯ ಪಕ್ಕದಲ್ಲೇ ನಿಂತೆ. ತಡವಾಗಿಯಾದರೂ ಕುಕ್ಕರ್ ಕೂಗಿತು.

ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಾ ಇವರು ಕೇಳಿದರು, "ಬೇಳೆ ಬೆಂತು ಅಂತ ಅಕ್ಕನಿಗೆ ಫೋನ್ ಮಾಡೋಣ್ವಾ?"

"ಬೇಡ ರೀ" ಎಂದೆ. "ಅಲ್ಲೀಗ ಬೆಳಿಗ್ಗೆ. ಅಡುಗೆ ಮಾಡ್ತಿರ್ತಾರೆ, ಪಾಪ."