ಸುಮ್ಮನಿದ್ದರೂ ಹರಿಯುವ ಕರೆಂಟು

ಹೊಸೂರಿನ ಹೊರಗಿರುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನಗೆ ಡಿಪ್ಲೀಶನ್ ಜಾತಿಯ ಟ್ರಾನ್ಸಿಸ್ಟರ್‌ಗಳನ್ನು ಅಳೆದು, ಅವುಗಳ ನಡವಳಿಕೆಗೆ ಒಂದು ಗಣಿತದ ಸೂತ್ರ ಕಟ್ಟುವ ಹುಚ್ಚು ಹತ್ತಿತು. ನಾವು ಮಕ್ಕಳಿಗೆ ದಿನವೂ ತೋರಿಸುವ ಟ್ರಾನ್ಸಿಸ್ಟರ್, ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರಷ್ಟೇ ಕರೆಂಟು ಬಿಡುತ್ತದೆ. ಈ ಜಾತಿ ಹಾಗಲ್ಲ. ಏನೂ ಕೊಡದಿದ್ದರೂ ಹರಿಸುತ್ತಲೇ ಇರುತ್ತದೆ. ನಿಲ್ಲಿಸಲು ಮೈನಸ್ ವೋಲ್ಟೇಜ್ ಬೇಕು.

ಆರ್ಡರ್ ಮಾಡಿದ್ದ ಆ ಟ್ರಾನ್ಸಿಸ್ಟರ್‌ಗಳ ಪೊಟ್ಟಣ ಬೆಂಗಳೂರಿನ ಅಂಗಡಿಯಿಂದ ಬಂದ ದಿನ ನಾನು ರಜೆಯಲ್ಲಿದ್ದೆ. ಮರುದಿನ ಲ್ಯಾಬ್ ನೋಡಿಕೊಳ್ಳುವವರು ಹೆಮ್ಮೆಯಿಂದ ಎದುರಾದರು.

"ಎಲ್ಲಾನೂ ಶಾರ್ಟ್ ಮೇಡಂ. ಗೇಟಿಗೆ ಏನೂ ಕೊಡ್ಲಿಲ್ಲ, ಆದ್ರೂ ಕರೆಂಟ್ ಹೋಗ್ತಾ ಐತೆ. ವಾಪಸ್ ಕಳಿಸ್ಬುಟ್ಟೆ, ಸರಿ ತಾನೇ?"

ಅಂಗಡಿಯವನು ಕ್ಷಮೆ ಕೇಳಿ ಮಾಮೂಲಿ ಜಾತಿಯವನ್ನು ಕಳಿಸಿದ. ಅವು ಒಳ್ಳೆಯ ಮಕ್ಕಳಂತೆ ಸುಮ್ಮನಿದ್ದವು. ನಾನು ಮತ್ತೆ ಆರ್ಡರ್ ಮಾಡಿ, ಈ ಸಲ ಬಾಗಿಲಲ್ಲೇ ನಿಂತು ಪೊಟ್ಟಣ ಇಸಿದುಕೊಂಡೆ.

ಬಾಗಲೂರಿನ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಅತ್ತೆ ಕೇಳಿದರು: "ಅದೇನಮ್ಮಿ, ಅಷ್ಟೊತ್ತು ಅಳ್ಯೋದು?"

"ಸ್ವಿಚ್ ಹಾಕ್ದಿದ್ರೂ ಕರೆಂಟ್ ಹರಿಯೋ ಸಾಮಾನು ಅತ್ತೆ."

"ಅಯ್ಯೋ, ರಿಪೇರಿ ಮಾಡ್ಸ್ಬಾರ್ದಾ?"

ಅಳೆಯಲು ಕೂತರೆ ಇನ್ನೊಂದು ಪೇಚು. ಗೇಟನ್ನು ಹಾಗೇ ಬಿಟ್ಟು ಉಳಿದೆರಡು ಕಾಲುಗಳ ನಡುವಿನ ವೋಲ್ಟೇಜ್ ಏರಿಸುತ್ತಾ ಹೋದಂತೆ ಕರೆಂಟು ಒಂದು ಮಟ್ಟಕ್ಕೆ ಬಂದು ನಿಲ್ಲಬೇಕೆಂದು ನನ್ನ ಸೂತ್ರ ಹೇಳುತ್ತಿತ್ತು. ಅದು ನಿಲ್ಲದೆ ಮೆಲ್ಲನೆ ಇಳಿಯತೊಡಗಿತು. ಮೀಟರ್ ಬದಲಿಸಿದೆ, ವೈರು ಬದಲಿಸಿದೆ. ಕೊನೆಗೆ ಟ್ರಾನ್ಸಿಸ್ಟರ್ ಮುಟ್ಟಿದೆ. ಬೆರಳು ಚುರ್ ಎಂದಿತು. ತನ್ನ ಶಾಖಕ್ಕೆ ತಾನೇ ಸೊರಗುತ್ತಿತ್ತು. ಬಿಸಿಯಾಗಲು ಸಮಯ ಸಿಗದ ಹಾಗೆ ಕ್ಷಣಮಾತ್ರ ವೋಲ್ಟೇಜ್ ಕೊಟ್ಟು ಅಳೆದರೆ ಗೆರೆ ಸಪಾಟಾಗಿ ಬಂತು. ಆಮೇಲೆ ಸೂತ್ರಕ್ಕೆ ಶಾಖವನ್ನೂ ಸೇರಿಸಿದೆ. ಇಳಿಯುವ ಗೆರೆಯೂ ಅಳತೆಯ ಮೇಲೆ ಹೊಂದಿ ಕೂತಾಗ ನನಗಾದ ಖುಷಿಯನ್ನು ಹಂಚಿಕೊಳ್ಳಲು ಲ್ಯಾಬಿನಲ್ಲಿ ಫ್ಯಾನ್ ಬಿಟ್ಟರೆ ಯಾರೂ ಇರಲಿಲ್ಲ.

ಆ ವಾರವೇ ಕಾಲೇಜಿಗೆ ತಪಾಸಣಾ ಸಮಿತಿ ಬಂತು. ಸಪಾಟು ಗೆರೆಯದು, ಇಳಿಯುವ ಗೆರೆಯದು, ಎರಡೂ ಗ್ರಾಫುಗಳನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೆ. ಸಮಿತಿಯ ಹಿರಿಯರು ಕನ್ನಡಕ ಏರಿಸಿ ನೋಡಿದರು.

"ಇದರಲ್ಲಿ ಯಾವುದು ಸರಿ?"

"ಎರಡೂ ಸರಿ ಸರ್. ಇದು ಬಿಸಿಯಾದಾಗ, ಅದು ಬಿಸಿಯಾಗೋ ಮುಂಚೆ."

"ಎರಡೂ ಹೇಗಮ್ಮ ಸರಿ ಇರುತ್ತೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಪ್ರಿನ್ಸಿಪಾಲರು ನಗುತ್ತಾ, ನಾನು ಬೆರಳು ಸುಟ್ಟುಕೊಂಡು ಪಡೆದ ಇಳಿಯುವ ಗೆರೆಯ ಗ್ರಾಫನ್ನು ಗೋಡೆಯಿಂದ ಕಿತ್ತು ಮಡಚಿ ಜೇಬಿಗಿಟ್ಟುಕೊಂಡರು. "ಇದು ಟ್ರಯಲ್ ಸರ್," ಎಂದರು. ಹಿರಿಯರಿಗೆ ಸಮಾಧಾನವಾಯಿತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಕೆಲಸ ಉಳಿಯಬೇಕಿತ್ತು, ನಕ್ಕೆ.

ಆದರೆ ಆ ಹಿರಿಯರು ನನ್ನ ಮಾತನ್ನು ಪೂರ್ತಿ ಮರೆತಿರಲಿಲ್ಲ. ಲ್ಯಾಬಿನಲ್ಲಿ ಉಪಕರಣಗಳು ಬಿಸಿಯಾಗುತ್ತಿವೆ, ಕೂಡಲೇ ಏಸಿ ಹಾಕಿಸಬೇಕೆಂದು ವರದಿಯಲ್ಲಿ ಬರೆದರು. ಕಾಲೇಜು ತಡಮಾಡದೆ ಪಾಲಿಸಿತು. ಏಸಿ ಈಗ ಪ್ರಿನ್ಸಿಪಾಲರ ಕೋಣೆಯಲ್ಲಿದೆ.