ಡಬ್ಬಿಯ ಮೇಲಿನ ಕುಟುಂಬ

ಮುಚ್ಚಳ ಹಾಕಿ ಕೊಂಡಿ ಬಿಗಿದರೆ ಅದು ನೇರ 'ಕುಟುಂಬ' ಎಂಬ ಮಾತಿನ ಮೇಲೆ ಬಂದು ಕೂರುತ್ತದೆ. ಸ್ಟೀಲಿನ ಊಟದ ಡಬ್ಬಿ. ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂದಿದೆ. ಹುಣಸೂರಿನ ನಮ್ಮ ಶಾಖೆ ಮುಚ್ಚುವಾಗ ಕಂಪನಿ ಕೊಟ್ಟ ನೆನಪಿನ ಕಾಣಿಕೆ. ಮೈಸೂರಿನ ಕಚೇರಿಗೆ ನನ್ನೊಬ್ಬಳನ್ನು ಕರೆದರು, ಎದುರು ಮೇಜಿನ ನಾಗರತ್ನಕ್ಕನನ್ನು ಕೆಲಸದಿಂದ ತೆಗೆದರು. ಡಬ್ಬಿ ಮಾತ್ರ ಇಬ್ಬರಿಗೂ ಒಂದೇ ಅಳತೆಯದು.

ನಾನು ಘೋಷವಾಕ್ಯಗಳ ನಡುವೆಯೇ ಬೆಳೆದವಳು. ಗೊಬ್ಬರದ ಅಂಗಡಿಯವರು ಕೊಟ್ಟ 'ರೈತನ ನಗುವೇ ನಮ್ಮ ಲಾಭ' ಎಂಬ ಚೀಲದಲ್ಲಿ ಪುಸ್ತಕ ಹೊತ್ತು ಶಾಲೆಗೆ ಹೋದೆ. ಅಪ್ಪನಿಗೆ ಬ್ಯಾಂಕಿನಿಂದ ಬಂದ ಗೋಡೆ ಗಡಿಯಾರದಲ್ಲಿ 'ಸೇವೆಯೇ ನಮ್ಮ ಉಸಿರು' ಎಂದಿತ್ತು. ಮುಳ್ಳು ನಿಂತು ಎಷ್ಟೋ ಕಾಲವಾದರೂ ಉಸಿರನ್ನು ಯಾರೂ ಗೋಡೆಯಿಂದ ಇಳಿಸಲಿಲ್ಲ. ಆಗ ಈ ವಾಕ್ಯಗಳು ಗಿರಾಕಿಯನ್ನು ಓಲೈಸುತ್ತಿದ್ದವು. ಯಾವಾಗಲೋ ತಿರುಗಿ ನಿಂತು ನೌಕರರೊಡನೆ ಮಾತಾಡತೊಡಗಿದವು. ಮೊದಲು ಗುಣಮಟ್ಟ ಎಂದವು, ಆಮೇಲೆ ಗುರಿ, ಈಗ ಕುಟುಂಬ. ಸಂಬಂಧ ತೆಳುವಾದಷ್ಟೂ ಅಕ್ಷರ ದಪ್ಪವಾಗುತ್ತದೆಂದು ನನ್ನ ಅನುಮಾನ. ನಮ್ಮ ಡಬ್ಬಿಯ ಮೇಲೆ ಕಾಗುಣಿತದ ತಪ್ಪೇನೂ ಇಲ್ಲ. ಅಚ್ಚಿಗೆ ಮುಂಚೆ ನೋಡಿಕೊಟ್ಟವಳು ನಾನೇ.

ಕೊನೆಯ ದಿನ ನಾಗರತ್ನಕ್ಕ ತಮ್ಮ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು.

"ಅಕ್ಕ, ಡಬ್ಬಿ."

"ಇರ್ಲಿ ಬುಡವ್ವ. ಮನೆಮಗಳ್ನ ಕಳಿಸೋರು ಖಾಲಿ ಡಬ್ಬಿ ಕೊಟ್ ಕಳಿಸ್ತಾರಾ? ಮಡ್ಲಕ್ಕಿನಾದ್ರೂ ಆಕ್ತಾರೆ."

"ನಮ್ಮನೆಗೆ ಬರ್ತಾ ಇರಿ."

"ಯಾವ ನೆಪದಲ್ ಬರ್ಲವ್ವ?" ಎಂದು ನಕ್ಕರು.

ದಿನವೂ ಬುತ್ತಿ ಹಂಚಿಕೊಂಡು ಉಂಡವರು ನಾವು. ಆದರೂ ಒಬ್ಬರ ಮನೆಯನ್ನು ಇನ್ನೊಬ್ಬರು ಕಂಡಿರಲಿಲ್ಲ. ಈಗ ಕಚೇರಿಯೂ ಇಲ್ಲವೆಂದ ಮೇಲೆ ಇವರು ನನಗೆ ತಪ್ಪಿಹೋಗುತ್ತಾರೆ ಎಂದು ತಿಳಿಯಿತು. ನನ್ನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಪಾತ್ರೆ ಅಂಗಡಿಯ ಸಾಬರು ಯಾರದೋ ಮದುವೆಯ ಚೊಂಬಿಗೆ ಹೆಸರು ಕೊರೆಯುತ್ತಿದ್ದರು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುವುದು ಬರಿಯ ಜಂಬಕ್ಕಲ್ಲ. ಪಾಯಸ ಹೊತ್ತು ಪಕ್ಕದ ಮನೆಗೆ ಹೋದದ್ದು ದಾರಿ ತಪ್ಪದೆ ಮರಳಲಿ ಎಂದು. ಮರಳಿಸುವವರೂ ಬರಿದಾಗಿ ಕೊಡುವಂತಿಲ್ಲ, ಚೂರು ಬೆಲ್ಲವಾದರೂ ಇರಬೇಕು. ಕಂಪನಿಯ ಡಬ್ಬಿಯ ಮೇಲೆ ಎಲ್ಲ ಇತ್ತು, ಯಾರ ಹೆಸರೂ ಇರಲಿಲ್ಲ.

ನನ್ನ ಡಬ್ಬಿಯನ್ನು ಸಾಬರ ಮುಂದಿಟ್ಟೆ.

"ಜಾಗನೇ ಬುಟ್ಟಿಲ್ವಲ್ಲ ಮೇಡಂ. ತಳಕ್ಕೆ ಆಕ್ಲಾ? ಯಾರ್ ಹೆಸ್ರು?"

"ನಂದೇ. ಬೇರೆಯವರಿಗೆ ಕೊಡೋದು."

"ಕೊಡೋರಿಗೆ ಅವ್ರ್ ಹೆಸ್ರಲ್ವಾ ಆಕ್ಸೋದು?"

"ಇದು ವಾಪಸ್ ಬರ್ಬೇಕು."

ಅವರು ಡಬ್ಬಿಯನ್ನು ಬೋರಲು ಹಾಕಿದರು.

ಮರುದಿನ ಬೆಳಿಗ್ಗೆ ಅದರ ತುಂಬ ಅವರೆಕಾಳು ಉಪ್ಪಿಟ್ಟು ತುಂಬಿ, ಕೊಂಡಿ ಬಿಗಿದು, ಅವರಿದ್ದ ಕಲ್ಕುಣಿಕೆ ಬಡಾವಣೆಯಲ್ಲಿ ಮನೆ ಕೇಳಿಕೊಂಡು ಹೋಗಿ ನಾಗರತ್ನಕ್ಕನ ಬಾಗಿಲು ತಟ್ಟಿದೆ.